ಲೆಗೊ ಸ್ಟಾರ್ ವಾರ್ಸ್ ಆಟ: ಎಲ್ಲರೂ ನನ್ನನ್ನೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಗೇಮ್ ಮಾರುವವನಲ್ಲ. ಬೆಳಿಗ್ಗೆ ಡೊಂಬಿವ್ಲಿಯಲ್ಲಿ ಲೋಕಲ್ ಹತ್ತಿ, ದಾದರಿನಲ್ಲಿ ಜನರೇ ನನ್ನನ್ನು ಕೆಳಗಿಳಿಸಿ, ಸಂಜೆ ಅದೇ ದಾರಿಯಲ್ಲಿ ಹಿಂದೆ ಬರುವ ಲೆಕ್ಕಪತ್ರದ ಮನುಷ್ಯ. ಆದರೆ ನಮ್ಮ ಮನೆಯಲ್ಲಿ ಅರವತ್ತೆಂಟು ವರ್ಷದ ಅಮ್ಮ, ಹನ್ನೊಂದು ವರ್ಷದ ಅಕ್ಕನ ಮಗ ಮತ್ತು ನಾನು ಸೇರಿ ಈ ಆಟ ಆಡುತ್ತೇವೆ ಎಂದು ಒಮ್ಮೆ ಬಾಯಿ ಬಿಟ್ಟೆ. ಅವತ್ತಿನಿಂದ ವಾಟ್ಸಾಪಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಲಿಫ್ಟಿನಲ್ಲಿ ಕೂಡ ಅದೇ ಪ್ರಶ್ನೆಗಳು. ಪ್ರತಿಯೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಬೆರಳು ಸವೆಯಿತು. ಹಾಗಾಗಿ ಎಲ್ಲ ಒಂದೇ ಕಡೆ.

ಇದೇನು, ಸಿನಿಮಾನಾ, ಗೊಂಬೆನಾ, ಆಟನಾ?

ಮೂರೂ ಹೌದು. ಸ್ಟಾರ್ ವಾರ್ಸ್ ಸಿನಿಮಾ 1977ರಲ್ಲಿ ಶುರುವಾಯಿತು. ಲೆಗೊ ಎಂದರೆ ಡೆನ್ಮಾರ್ಕಿನ ಪ್ಲಾಸ್ಟಿಕ್ ಇಟ್ಟಿಗೆ, ನಡೆದಾಡುವಾಗ ಕಾಲಿಗೆ ಚುಚ್ಚಿದರೆ ಅಜ್ಜನ ಅಜ್ಜ ನೆನಪಾಗುವಂಥದ್ದು. 1999ರಲ್ಲಿ ಇವೆರಡೂ ಸೇರಿ ಸ್ಟಾರ್ ವಾರ್ಸ್ ಲೆಗೊ ಸೆಟ್‌ಗಳು ಬಂದವು. 2005ರಲ್ಲಿ ಇಂಗ್ಲೆಂಡಿನ ಟ್ರಾವೆಲರ್ಸ್ ಟೇಲ್ಸ್ ಎಂಬ ಕಂಪನಿ ಅದನ್ನು ವಿಡಿಯೋ ಗೇಮ್ ಮಾಡಿತು. ಸಿನಿಮಾದ ಕಥೆ ಹಾಗೇ ಇದೆ, ಪಾತ್ರಗಳು ಮಾತ್ರ ಲೆಗೊ ಗೊಂಬೆಗಳು, ಹೊಡೆದರೆ ತಲೆ ಒಂದು ಕಡೆ ಕಾಲು ಒಂದು ಕಡೆ ಚೆಲ್ಲಾಡುತ್ತವೆ.

ನಮ್ಮ ಕಡೆಯವರಿಗೆ ನಾನು ಹೇಳುವ ಹೋಲಿಕೆ ಇದು. ಕುಂದಾಪುರದ ಕಡೆ ಆಟ ಎಂದರೆ ಯಕ್ಷಗಾನ ಅಲ್ವಾ. ಒಂದು ಗಂಭೀರ ಪ್ರಸಂಗ, ಎಲ್ಲರಿಗೂ ಕಥೆ ಬಾಯಿಪಾಠ. ಆ ರಾತ್ರಿ ಹಾಸ್ಯಗಾರನೇ ರಂಗ ಬಿಡದೆ, ರಾಜನ ಪಕ್ಕದಲ್ಲೂ ಅವನೇ, ರಾಕ್ಷಸನ ಹಿಂದೆಯೂ ಅವನೇ ಎಂದಾದರೆ ಹೇಗಿರುತ್ತದೆ? ಪ್ರಸಂಗ ಕೆಡುವುದಿಲ್ಲ, ಯುದ್ಧ ನಡೆಯುತ್ತದೆ, ಸಾಯುವವರು ಸಾಯುತ್ತಾರೆ, ಆದರೆ ನಗು ನಿಲ್ಲುವುದಿಲ್ಲ. ಈ ಆಟವೂ ಹಾಗೆಯೇ. ಕಥೆಯ ಖಳ ಡಾರ್ತ್ ವೇಡರ್ ಒಳ್ಳೆ ಬಣ್ಣದ ವೇಷ, ಆದರೆ ಪಾಪ, ಅವನಿಗೂ ಇಲ್ಲಿ ಮರ್ಯಾದೆ ಇಲ್ಲ.

ಒಟ್ಟು ಎಷ್ಟು ಆಟ ಇವೆ? ಯಾವುದು ತಗೊಳ್ಳಲಿ?

ಗೊಂದಲ ಆಗುವುದು ಇಲ್ಲೇ. 2005ರ ಮೊದಲ ಆಟದಲ್ಲಿ ಒಂದು, ಎರಡು, ಮೂರನೇ ಭಾಗದ ಕಥೆ. 2006ರ ಎರಡನೆಯದರಲ್ಲಿ ನಾಲ್ಕು, ಐದು, ಆರು. 2007ರಲ್ಲಿ ಎರಡನ್ನೂ ಒಂದೇ ಡಿಸ್ಕಿಗೆ ಹಾಕಿ ಕಂಪ್ಲೀಟ್ ಸಾಗಾ ಎಂದು ಬಿಟ್ಟರು, ಕಂಪ್ಯೂಟರಿಗೆ ಅದು ಬಂದದ್ದು 2009ರಲ್ಲಿ. ನಡುವೆ 2011ರಲ್ಲಿ ಕ್ಲೋನ್ ವಾರ್ಸ್, 2016ರಲ್ಲಿ ಫೋರ್ಸ್ ಅವೇಕನ್ಸ್. ಕೊನೆಗೆ 2022ರ ಏಪ್ರಿಲ್‌ನಲ್ಲಿ ಸ್ಕೈವಾಕರ್ ಸಾಗಾ, ಇದರಲ್ಲಿ ಒಂಬತ್ತೂ ಸಿನಿಮಾ ಇವೆ.

ನಿಮಗೆ ಬೇಕಾಗುವುದು ಎರಡೇ, ಕಂಪ್ಲೀಟ್ ಸಾಗಾ ಮತ್ತು ಸ್ಕೈವಾಕರ್ ಸಾಗಾ. ಮನೆಯಲ್ಲಿ ಹಿರಿಯರೊಂದಿಗೆ ಆಡುವುದಾದರೆ ಹಳೆಯದು. ದೊಡ್ಡ ಟಿವಿ, ಹೊಸ ಮಷೀನು, ಸುತ್ತಾಡುವ ಹುಚ್ಚು ಇದ್ದರೆ ಹೊಸದು. ಹೊಸದು ನೋಡಲು ನಿಜಕ್ಕೂ ಚೆನ್ನಾಗಿದೆ, ಮರಳು ಹತ್ತಿದ ಪ್ಲಾಸ್ಟಿಕ್ ಮೇಲಿನ ಗೀರು ಕೂಡ ಕಾಣುತ್ತದೆ. ಆದರೂ ನನ್ನ ಮತ ಹಳೆಯದಕ್ಕೇ. ಯಾಕೆ ಎಂದು ಕೆಳಗೆ ಹೇಳಿದ್ದೇನೆ.

ಸಿನಿಮಾ ಒಂದೂ ನೋಡಿಲ್ಲ. ಅರ್ಥ ಆಗುತ್ತಾ?

ಆಡಲು ಅರ್ಥ ಆಗುತ್ತದೆ. ನಗಲು ಅರ್ಧ ಆಗುತ್ತದೆ. ಸಿನಿಮಾದಲ್ಲಿ ವೇಡರ್ ಕಥಾನಾಯಕ ಲೂಕನಿಗೆ ‘ನಾನೇ ನಿನ್ನ ಅಪ್ಪ’ ಎನ್ನುವ ಜಾಗ ಉಂಟಲ್ಲ, ಅದು ಜಗತ್ತಿಗೇ ಗೊತ್ತಿರುವ ದೃಶ್ಯ. ಹಳೆಯ ಆಟದಲ್ಲಿ ಮಾತಿಲ್ಲವಲ್ಲ, ಹಾಗಾಗಿ ಅವನು ಒಂದು ಫೋಟೋ ತೆಗೆದು ತೋರಿಸುತ್ತಾನೆ! ಮದುವೆ ಸಂಬಂಧಕ್ಕೆ ಬಂದವರಿಗೆ ಆಲ್ಬಮ್ ತೋರಿಸಿದ ಹಾಗೆ. ಸಿನಿಮಾ ನೋಡಿದವರು ಬಿದ್ದು ಬಿದ್ದು ನಗುತ್ತಾರೆ, ನೋಡದವರು ‘ಯಾರ ಫೋಟೋ ಅದು’ ಎಂದು ಕೇಳುತ್ತಾರೆ. ಅಮ್ಮ ಕೇಳಿದ್ದು ಅದನ್ನೇ. ಇವನ ಅಪ್ಪ ಅವನು ಎಂದೆ. ‘ಮತ್ತೆ ಮಗನ ಕೈ ಯಾಕೆ ಕಡಿದ?’ ಎಂದರು. ಬಭ್ರುವಾಹನನ ಕಥೆ ಜ್ಞಾಪಕ ಮಾಡಿದೆ. ಅಲ್ಲಿ ಅಪ್ಪನಿಗೇ ಮಗ ಬಾಣ ಬಿಟ್ಟದ್ದಲ್ಲವಾ. ಆಮೇಲೆ ಅವರಿಗೆ ಯಾವ ಕಷ್ಟವೂ ಆಗಲಿಲ್ಲ.

ಯಾವ ಭಾಗದಿಂದ ಶುರು ಮಾಡಬೇಕು?

ಹೊಸ ಆಟದಲ್ಲಿ ಒಂದು, ನಾಲ್ಕು, ಏಳು, ಈ ಮೂರು ಭಾಗ ಮೊದಲಿಂದಲೇ ತೆರೆದಿರುತ್ತವೆ. ನಾಲ್ಕರಿಂದ ಹಿಡಿಯಿರಿ, ಕಥೆಯಲ್ಲಿ ನಾಲ್ಕನೆಯದಾದರೂ ಮೊದಲು ತೆರೆಗೆ ಬಂದ 1977ರ ಸಿನಿಮಾ ಅದೇ. ಒಂದರಿಂದ ಶುರು ಮಾಡಿದರೆ ವ್ಯಾಪಾರ ತೆರಿಗೆಯ ಜಗಳದಿಂದ ಕಥೆ ಹೊರಡುತ್ತದೆ. ನನ್ನಂಥ ಲೆಕ್ಕಪತ್ರದವನಿಗೆ ಅದು ರುಚಿಸಿತು, ಅಳಿಯನಿಗೆ ನಿದ್ದೆ ಬಂತು.

ಮಾತೇ ಇಲ್ಲ ಅಂತಾರಲ್ಲ, ನಿಜವಾ? ನಮ್ಮಮ್ಮನಿಗೆ ಇಂಗ್ಲಿಷ್ ಬರಲ್ಲ.

ಅತಿ ಹೆಚ್ಚು ಬರುವ ಪ್ರಶ್ನೆ ಇದು, ನನಗೆ ಇಷ್ಟದ ಪ್ರಶ್ನೆಯೂ ಇದೇ.

ಹಳೆಯ ಲೆಗೊ ಆಟಗಳಲ್ಲಿ ಯಾರೂ ಮಾತಾಡುವುದಿಲ್ಲ. ಹೂಂ, ಉಹೂಂ, ಹಾಂ, ಭುಜ ಕುಣಿಸುವುದು, ಹಣೆ ಚಚ್ಚಿಕೊಳ್ಳುವುದು, ಅಷ್ಟೇ. ಇಡೀ ಕಥೆ ಮೂಕಾಭಿನಯದಲ್ಲೇ ಸಾಗುತ್ತದೆ. ಲೆಗೊ ಆಟಗಳಲ್ಲಿ ಪಾತ್ರಗಳು ಬಾಯಿಬಿಟ್ಟು ಮಾತಾಡತೊಡಗಿದ್ದು 2012ರ ಬ್ಯಾಟ್‌ಮ್ಯಾನ್ ಆಟದಿಂದ. ಅಲ್ಲಿಂದ ಮುಂದೆ ಮಾತೇ ಮಾತು.

ನಮ್ಮ ಮನೆಯ ಭಾಷೆಯ ಪರಿಸ್ಥಿತಿ ಕೇಳಿ. ಅಮ್ಮನಿಗೆ ಕುಂದಾಪುರ ಕನ್ನಡ, ತರಕಾರಿ ಕೊಳ್ಳುವಷ್ಟು ಮರಾಠಿ. ಅಳಿಯನಿಗೆ ಶಾಲೆಯ ಇಂಗ್ಲಿಷ್, ಕೆಳಗಿನ ಹುಡುಗರ ಮರಾಠಿ, ಟಿವಿಯ ಹಿಂದಿ, ಕನ್ನಡ ‘ಮಾವ, ಊಟ ಆಯ್ತಾ’ ಎನ್ನುವಷ್ಟು. ಅಜ್ಜಿ ಮೊಮ್ಮಗ ಇಬ್ಬರೇ ಇದ್ದರೆ ಅರ್ಧ ಗಂಟೆಗೊಮ್ಮೆ ‘ತಿಂಡಿ ಬೇಕಾ’, ‘ಬೇಡ’. ಮುಗಿಯಿತು. ಟಿವಿಯಲ್ಲಿ ಏನೇ ಹಾಕಿದರೂ ಒಬ್ಬರಿಗೆ ಇನ್ನೊಬ್ಬರು ಬಿಡಿಸಿ ಹೇಳಬೇಕು, ಹೇಳುವಷ್ಟರಲ್ಲಿ ನಗುವ ಹೊತ್ತು ಕಳೆದುಹೋಗಿರುತ್ತದೆ. ಈ ಆಟದಲ್ಲಿ ಬಿಡಿಸಿ ಹೇಳಲು ಏನೂ ಇಲ್ಲ. ಒಬ್ಬ ಗೊಂಬೆ ಸೈನಿಕ ಬಾಗಿಲಿಗೆ ತಲೆ ಹೊಡೆಸಿಕೊಂಡ ಕೂಡಲೇ ಇಬ್ಬರೂ ಒಟ್ಟಿಗೇ ನಗುತ್ತಾರೆ. ಅಲ್ಲೊಂದು ಇಲ್ಲೊಂದು ಸಾಲು ಇಂಗ್ಲಿಷ್ ಸೂಚನೆ ಬರುತ್ತದೆ, ಅದನ್ನು ಓದುವುದು ನನ್ನ ಕೆಲಸ. ನಾನು ಓದದಿದ್ದರೂ ನಡೆಯುತ್ತದೆ, ಯಾಕೆಂದರೆ ಯಾವುದನ್ನು ಮುಟ್ಟಬೇಕೋ ಅದು ಹೊಳೆಯುತ್ತಿರುತ್ತದೆ ಅಥವಾ ಕುಣಿಯುತ್ತಿರುತ್ತದೆ.

ಹಾಗಾದರೆ ಹೊಸ ಆಟದಲ್ಲಿ ಮಾತು ನಿಲ್ಲಿಸಬಹುದಾ?

ಬಹುದು. ಎಕ್ಸ್‌ಟ್ರಾಸ್ ಮೆನುವಿನಲ್ಲಿ ಮಂಬಲ್ ಮೋಡ್ ಎಂದು ಇದೆ. ಹಾಕಿದರೆ ಎಲ್ಲರೂ ಹಳೆಯ ಆಟದ ಹಾಗೆ ಗೊಣಗುಟ್ಟುತ್ತಾರೆ. ಆದರೆ ಒಂದು ತೊಂದರೆ. ಹೊಸ ಆಟದ ನಗು ಮಾತನ್ನೇ ನಂಬಿ ಕಟ್ಟಿದ್ದು, ಮಾತು ತೆಗೆದರೆ ಕೆಲವು ಜೋಕು ಉಪ್ಪಿಲ್ಲದ ಸಾರಿನಂತೆ ಆಗುತ್ತವೆ. ಇಂಗ್ಲಿಷ್ ಬರುವವರು ಮಾತು ಇಟ್ಟುಕೊಂಡೇ ಆಡಿ. ಸಿ-ತ್ರೀಪಿಒ ಎಂಬ ರೋಬೋ ಪಾತ್ರಕ್ಕೆ ಸಿನಿಮಾದ ಆಂಟನಿ ಡೇನಿಯಲ್ಸ್ ಅವರೇ ದನಿ ಕೊಟ್ಟಿದ್ದಾರೆ.

ಕನ್ನಡದಲ್ಲಿ ಇದೆಯಾ?

ಇಲ್ಲ. ಮುಂದಿನ ಪ್ರಶ್ನೆ.

ಬೆಂಗಳೂರಿನಲ್ಲಿರುವ ತಮ್ಮನ ಜೊತೆ ಆನ್‌ಲೈನ್ ಆಡಬಹುದಾ?

ಪ್ಲೇಸ್ಟೇಷನ್ 3 (ಪಿಎಸ್3), ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಮಷೀನುಗಳ ಕಂಪ್ಲೀಟ್ ಸಾಗಾದಲ್ಲಿ ಆನ್‌ಲೈನ್ ಸೌಕರ್ಯ ಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ನೇರವಾಗಿ ಆಗುವುದಿಲ್ಲ, ಹೊಸ ಆಟದಲ್ಲೂ ಇಲ್ಲ. ಅಲ್ಲಿ ಇಬ್ಬರೂ ಒಂದೇ ಪರದೆಯ ಮುಂದೆ ಕೂರಬೇಕು. ಕಂಪ್ಯೂಟರಿನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಮೂಲಕ ಕೊಂಡಿದ್ದರೆ ರಿಮೋಟ್ ಪ್ಲೇ ಟುಗೆದರ್ ಎಂಬ ಸೌಕರ್ಯ ಇದೆ. ನಿಮ್ಮ ಪರದೆ ಅವನ ಮನೆಗೆ ಹೋಗುತ್ತದೆ, ಅವನ ಬಟನ್ ನಿಮ್ಮ ಕಡೆ ಬರುತ್ತದೆ, ಆಟ ಒಬ್ಬರ ಬಳಿ ಇದ್ದರೆ ಸಾಕು. ಇಂಟರ್ನೆಟ್ ಚೆನ್ನಾಗಿರಬೇಕು. ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗಿನ ಕೇಬಲ್ ಹಿಡಿದುಕೊಂಡು ಮಾಡಿದಾಗ ತಮ್ಮನ ಜೆಡೈ (ಕಥೆಯ ಒಳ್ಳೆಯ ಕಡೆಯ ಕತ್ತಿವೀರ) ಕತ್ತಿ ಬೀಸುವಷ್ಟರಲ್ಲಿ ಶತ್ರು ಮುದುಕನಾಗಿದ್ದ.

ಪಕ್ಕದಲ್ಲಿ ಕೂತು ಆಡುವ ಮಜಾ ಬೇರೆ. ಎರಡನೆಯವರು ಯಾವಾಗ ಬೇಕಾದರೂ ಸ್ಟಾರ್ಟ್ ಒತ್ತಿ ಸೇರಬಹುದು, ಒಲೆ ಮೇಲೆ ಹಾಲು ಉಕ್ಕಿದರೆ ಎದ್ದು ಹೋಗಬಹುದು, ಆಟ ನಿಲ್ಲುವುದಿಲ್ಲ, ಆ ಪಾತ್ರವನ್ನು ಕಂಪ್ಯೂಟರೇ ನಡೆಸುತ್ತದೆ. ಅಡುಗೆಮನೆ ನೋಡಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಬೇರೆ ಆಟದಲ್ಲಿ ಕಂಡಿಲ್ಲ.

ಜೊತೆಗಿರುವವರು ನನ್ನನ್ನು ಹಳ್ಳಕ್ಕೆ ತಳ್ಳುತ್ತಾರೆ. ಏನು ಮಾಡಲಿ?

ಕಂಪ್ಲೀಟ್ ಸಾಗಾದಲ್ಲಿ ಪರದೆ ಒಂದೇ, ಇಬ್ಬರೂ ಅದರೊಳಗೇ ಇರಬೇಕು. ಒಬ್ಬರು ಮುಂದೆ ಓಡಿದರೆ ಇನ್ನೊಬ್ಬರು ಅಂಚಿಗೆ ಸಿಕ್ಕಿಕೊಂಡು ಎಳೆದಾಡಿಸಿಕೊಳ್ಳುತ್ತಾರೆ, ಪಕ್ಕದಲ್ಲಿ ಪ್ರಪಾತ ಇದ್ದರೆ ಹೋಯಿತು. ಇದು ಬೇಕೆಂದೇ ಮಾಡಿದ್ದಲ್ಲ ಎಂದು ಅಳಿಯ ವಾದಿಸುತ್ತಾನೆ, ನಾನು ನಂಬುವುದಿಲ್ಲ. ಕತ್ತಿ ಬೀಸಿದರೆ ಜೊತೆಗಾರನಿಗೂ ತಾಗುತ್ತದೆ. ಅಂದರೆ ಆಟದ ಹೆಸರಿನಲ್ಲಿ ಹಳೆಯ ಲೆಕ್ಕ ಚುಕ್ತಾ ಮಾಡಬಹುದು.

ನಮ್ಮ ಮನೆಯ ನಿಯಮ ಇಷ್ಟೇ. ಅಂಚಿನ ಹತ್ತಿರ ಬಂದಾಗ ಹಿಂದಿನವರು ‘ನಿಲ್ಲು’ ಎನ್ನಬೇಕು, ಮುಂದಿನವರು ನಿಲ್ಲಬೇಕು. ಅಮ್ಮ ಹೇಳುವುದು ‘ನಿಲ್ ಮಾರಾಯ’ ಎಂದು. ಅಳಿಯ ಈಗ ಶಾಲೆಯಲ್ಲಿ ಮರಾಠಿ ಗೆಳೆಯರಿಗೂ ಅದನ್ನೇ ಹೇಳುತ್ತಾನಂತೆ. ಹೊಸ ಆಟದಲ್ಲಿ ಈ ತಾಪತ್ರಯ ಇಲ್ಲ, ಪರದೆ ನಡುವೆ ಸೀಳಿ ಎಡಬಲ ಇಬ್ಬರಿಗೂ ಪಾಲು ಮಾಡಿದ್ದಾರೆ. ನಮ್ಮ ಮೂವತ್ತೆರಡು ಇಂಚಿನ ಟಿವಿಯಲ್ಲಿ ಆ ಪಾಲು ಲೋಕಲ್ ಟ್ರೇನಿನ ನಾಲ್ಕನೇ ಸೀಟಿನಷ್ಟು. ಕೂತಿದ್ದೇವೆ ಅನ್ನಬಹುದು, ಅಷ್ಟೇ.

ಸತ್ತರೆ ಮೊದಲಿಂದ ಆಡಬೇಕಾ?

ಬೇಡ. ನಾಲ್ಕು ಹೃದಯ ಇರುತ್ತವೆ, ಮುಗಿದರೆ ಚೂರು ಚೂರಾಗಿ ಬಿದ್ದು ಅಲ್ಲೇ ಮತ್ತೆ ಎದ್ದು ನಿಲ್ಲುತ್ತೀರಿ. ದಂಡ ಎಂದರೆ ಗಳಿಸಿದ ಬಿಲ್ಲೆಗಳಲ್ಲಿ ಸ್ವಲ್ಪ ಚೆಲ್ಲಿ ಹೋಗುತ್ತವೆ, ಬೇಗ ಓಡಿದರೆ ಅವನ್ನೂ ಆಯ್ದುಕೊಳ್ಳಬಹುದು. ಅಮ್ಮ ಆಟಕ್ಕೆ ಒಪ್ಪಿದ್ದು ಇದನ್ನು ಕೇಳಿದ ಮೇಲೆಯೇ.

ಬಿಲ್ಲೆ ಅಂದರೆ ಯಾವುದು? ಅದರಿಂದ ಏನು ಪ್ರಯೋಜನ?

ಸ್ಟಡ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಬಿಲ್ಲೆ. ಬೆಳ್ಳಿಯದು 10, ಚಿನ್ನದ್ದು 100, ನೀಲಿ 1,000, ನೇರಳೆ 10,000. ಎದುರಿಗೆ ಕಂಡ ಕುರ್ಚಿ, ಗಿಡ, ದೀಪದ ಕಂಬ ಎಲ್ಲ ಒಡೆದರೆ ಇವು ಉದುರುತ್ತವೆ. ಹೌದು, ಒಡೆಯುವುದೇ ಸಂಪಾದನೆ. ಈ ಬಿಲ್ಲೆ ಕೊಟ್ಟು ಹೊಸ ಪಾತ್ರ ಕೊಳ್ಳಬೇಕು. ಹಳೆಯ ಆಟದಲ್ಲಿ ಅಂಗಡಿ ಇರುವುದು ಒಂದು ಹೆಂಡದಂಗಡಿಯ ಕೌಂಟರಿನಲ್ಲಿ, ಮಾಸ್ ಐಸ್ಲಿ ಕ್ಯಾಂಟೀನಾ. ಅಮ್ಮನಿಗೆ ಅದು ಹೋಟೆಲ್ ಎಂದೇ ಹೇಳಿದ್ದೇನೆ. ದಯವಿಟ್ಟು ಯಾರೂ ತಿದ್ದಬೇಡಿ.

ಈಗ ದುಡ್ಡಿನ ವಿಷಯ, ನನ್ನ ಕಸುಬಿನದು, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ. ಶುರುವಿನಲ್ಲಿ ಸಿಕ್ಕ ಬಿಲ್ಲೆಯನ್ನೆಲ್ಲ ಪಾತ್ರಗಳ ಮೇಲೆ ಸುರಿಯಬೇಡಿ. ಅಲ್ಲಲ್ಲಿ ಬಚ್ಚಿಟ್ಟ ಕೆಂಪು ಇಟ್ಟಿಗೆಗಳು ಸಿಗುತ್ತವೆ. ಸಿಕ್ಕ ಮೇಲೆ ಕೌಂಟರಿನಲ್ಲಿ ಬಿಲ್ಲೆ ಕೊಟ್ಟು ಅದರ ಶಕ್ತಿ ಕೊಳ್ಳಬೇಕು. ಅದರಲ್ಲಿ ಗಳಿಕೆಯನ್ನು ಹೆಚ್ಚಿಸುವ ಐದು ಇವೆ, ಎರಡು ಪಟ್ಟು, ನಾಲ್ಕು, ಆರು, ಎಂಟು, ಹತ್ತು ಪಟ್ಟು. ಮಜಾ ಏನೆಂದರೆ ಇವು ಕೂಡುವುದಿಲ್ಲ, ಗುಣಿಸುತ್ತವೆ. ಐದನ್ನೂ ಹಾಕಿದರೆ ಒಂದಕ್ಕೆ 3,840. ಹತ್ತರ ಬೆಳ್ಳಿ ಬಿಲ್ಲೆ ಒಂದು ಎತ್ತಿದರೆ 38,400! ನಮ್ಮ ಊರಿನ ಸೊಸೈಟಿ ಬ್ಯಾಂಕಿನ ಬಡ್ಡಿ ನೋಡಿ ಬೆಳೆದವನಿಗೆ ಇದು ಕಣ್ಣಲ್ಲಿ ನೀರು ತರಿಸುವ ವಿಷಯ. ಹಾಗಾಗಿ ಮೊದಲು ಎರಡು ಪಟ್ಟಿನದನ್ನು ಹುಡುಕಿ ಕೊಳ್ಳಿ, ಅದರ ಗಳಿಕೆಯಿಂದ ನಾಲ್ಕರದ್ದು, ಹೀಗೆ ಮೇಲೆ ಹೋಗಿ. ಹೊಸ ಆಟದಲ್ಲಿ ಕೆಂಪು ಇಟ್ಟಿಗೆಯ ಬದಲು ಡೇಟಾಕಾರ್ಡ್ ಬೇಕು, ಲೆಕ್ಕ ಅದೇ.

ಬಾಗಿಲು ತೆರೆಯುವುದೇ ಇಲ್ಲ. ಆಟ ಕೆಟ್ಟಿದೆಯಾ?

ಕೆಟ್ಟಿಲ್ಲ ಮಾರಾಯ್ರೆ. ವಾರಕ್ಕೊಮ್ಮೆಯಾದರೂ ಯಾರಾದರೂ ರಾತ್ರಿ ಹನ್ನೊಂದಕ್ಕೆ ಫೋಟೋ ತೆಗೆದು ಕಳಿಸುತ್ತಾರೆ, ‘ಇದು ಹೇಗೆ ತೆಗೆಯೋದು’ ಎಂದು. ಬಹಳ ಸಲ ಉತ್ತರ ಒಂದೇ. ಈಗ ತೆಗೆಯಲು ಆಗುವುದಿಲ್ಲ, ಬಿಟ್ಟು ಮುಂದೆ ಹೋಗಿ.

ಕಂಪ್ಲೀಟ್ ಸಾಗಾದಲ್ಲಿ ಪ್ರತಿ ಅಧ್ಯಾಯವನ್ನು ಎರಡು ಸಲ ಆಡುವ ಹಾಗೆ ಕಟ್ಟಿದ್ದಾರೆ. ಮೊದಲ ಸಲ ಕಥೆ, ಕಥೆಯಲ್ಲಿರುವ ಪಾತ್ರಗಳು ಮಾತ್ರ. ಮುಗಿಸಿದ ಮೇಲೆ ಫ್ರೀ ಪ್ಲೇ, ಆಗ ನೀವು ಸಂಪಾದಿಸಿದ ಯಾರನ್ನು ಬೇಕಾದರೂ ಕರೆದುಕೊಂಡು ಹೋಗಬಹುದು. ಪ್ರತಿ ಬೀಗಕ್ಕೂ ಒಂದು ಜಾತಿಯ ಪಾತ್ರ. ಹೊಳೆಯುವ ಬೆಳ್ಳಿ ಬಣ್ಣದ ವಸ್ತು ಕತ್ತಿಗೆ ಒಡೆಯುವುದಿಲ್ಲ, ಬೌಂಟಿ ಹಂಟರ್, ಅಂದರೆ ದುಡ್ಡಿಗಾಗಿ ಜನರನ್ನು ಹಿಡಿಯುವವನು, ಬಾಂಬ್ ಇಡಬೇಕು. ಕಪ್ಪು ಇಟ್ಟಿಗೆ ಕೆಂಪಾಗಿ ಮಿಂಚುತ್ತಿದ್ದರೆ ಸಿತ್ ಎಂಬ ಕೆಟ್ಟವರ ಕಡೆಯವರೇ ಎತ್ತಬೇಕು, ಒಳ್ಳೆಯವರ ಕೈಲಿ ಆಗದು. ನೆಲದ ಹತ್ತಿರ ಸಣ್ಣ ಬಿಲ ಕಂಡರೆ ಜಾವಾನಂಥ ಕುಳ್ಳ ಬೇಕು. ಗೋಡೆಯ ಪ್ಯಾನೆಲ್ ಆದರೆ ರೋಬೋಗಳು, ಆರ್‌ಟು-ಡಿಟು ಅಥವಾ ಸಿ-ತ್ರೀಪಿಒ. ಒಬ್ಬ ಸಿತ್, ಒಬ್ಬ ಬೌಂಟಿ ಹಂಟರ್ ಕೈಗೆ ಬರುವ ತನಕ ಫ್ರೀ ಪ್ಲೇ ಕಡೆ ತಲೆ ಹಾಕಬೇಡಿ, ಸುಮ್ನೆ ಸುತ್ತು.

ಒಂದು ಅಧ್ಯಾಯದಲ್ಲಿ ಮಿನಿಕಿಟ್ ಎಂಬ, ಹುಡುಕಿ ಕೂಡಿಸಬೇಕಾದ ಹತ್ತು ತುಂಡು ಬಚ್ಚಿಟ್ಟಿರುತ್ತಾರೆ, ಒಟ್ಟು 36 ಅಧ್ಯಾಯ. ಲೆಕ್ಕ ನೀವೇ ಮಾಡಿಕೊಳ್ಳಿ, ಮಾಡಿ ಮನೆಯವರಿಗೆ ಹೇಳಬೇಡಿ. ಹೊಸದರಲ್ಲಿ 45 ಅಧ್ಯಾಯ, ಒಂದರಲ್ಲಿ ಐದು ಮಿನಿಕಿಟ್, ಆದರೆ ಎಲ್ಲ ಸೇರಿ ಗಳಿಸಬೇಕಾದ ಕೈಬರ್ ಇಟ್ಟಿಗೆ ಸಾವಿರಕ್ಕೂ ಜಾಸ್ತಿ. ನನಗಂತೂ ಅದು ಆಟಕ್ಕಿಂತ ಆಡಿಟ್ ಕೆಲಸದಂತೆ ಕಂಡಿತು.

ಪಾಡ್ ರೇಸ್ ಮುಗಿಯುವುದೇ ಇಲ್ಲ!

ಗೊತ್ತು. ಮೊದಲ ಭಾಗದ ಆ ಒಂದು ಹಾರುವ ಗಾಡಿಗಳ ರೇಸ್ ಹಳೆಯ ಆಟದ ಅತಿ ಕೆಟ್ಟ ಹೊತ್ತು. ಹಿಂದೆ ಬಿದ್ದರೆ ಅದೇ ತುಂಡು ಮತ್ತೆ ಆಡಿಸುತ್ತದೆ. ಇಬ್ಬರೂ ಓಡಿಸಲು ಹೋಗಬೇಡಿ, ಒಬ್ಬರು ಸ್ಟಾರ್ಟ್ ಒತ್ತಿ ಹೊರಗೆ ಬಂದು ಚಹಾ ಮಾಡಲಿ. ನಾವು ಗೆದ್ದದ್ದು ಹಾಗೆಯೇ.

ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದಾ?

ಕಂಪ್ಲೀಟ್ ಸಾಗಾ ಆಫೀಸಿನ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸ್ಕೈವಾಕರ್ ಸಾಗಾಕ್ಕೆ 8 ಜಿಬಿ ರ‍್ಯಾಮ್, 40 ಜಿಬಿ ಜಾಗ ಮತ್ತು ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಕೀಬೋರ್ಡಿನಲ್ಲಿ ಕಷ್ಟಪಡಬೇಡಿ, ಕಂಟ್ರೋಲರ್ ಎರಡು ತಗೊಳ್ಳಿ, ಅದೇ ನಿಜವಾದ ಖರ್ಚು.

ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳಬಹುದಾ?

ಬಹುದು, ನೋಡಿಕೊಂಡು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಕಡೆ ನಡೆದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲೇ ಇದೆ, ಸುತ್ತಾಡಲು ಅರ್ಧ ದಿನ ಇಟ್ಟುಕೊಳ್ಳಿ. ಡಿಸ್ಕನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ನಾನು ಒಂದು ಕಡೆ (ಎಲ್ಲಿ ಎಂದು ಕೇಳಬೇಡಿ) ಚೌಕಾಶಿ ಮಾಡಿದ ಖುಷಿಯಲ್ಲಿ ನೋಡದೆ ತಂದೆ, ಮನೆಗೆ ಬಂದು ತೆರೆದರೆ ತೆಂಗಿನಕಾಯಿ ತುರಿದ ಹಾಗೆ ಗೀರು. ಐದನೇ ಭಾಗದ ಹಿಮದ ಯುದ್ಧದಲ್ಲಿ ನಿಂತದ್ದು ಮುಂದೆ ಹೋಗಲೇ ಇಲ್ಲ.

ಇನ್ನೊಂದು, ಪಿಎಸ್3ರ ಡಿಸ್ಕ್ ಪಿಎಸ್4 ಅಥವಾ ಪಿಎಸ್5ರಲ್ಲಿ ಓಡುವುದಿಲ್ಲ. ಎಕ್ಸ್‌ಬಾಕ್ಸ್ 360ರ ಡಿಸ್ಕ್ ಎಕ್ಸ್‌ಬಾಕ್ಸ್ ಒನ್‌ನಲ್ಲಿ, ಸೀರೀಸ್ ಎಕ್ಸ್‌ನಲ್ಲಿ ಓಡುತ್ತದೆ. ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ.

ಮಕ್ಕಳಿಗೆ ಸರಿಯಾ? ಹೊಡೆದಾಟ ಅಲ್ವಾ?

ಹೊಡೆದಾಟವೇ. ಆದರೆ ರಕ್ತ ಇಲ್ಲ, ಹೊಡೆಸಿಕೊಂಡವನು ಇಟ್ಟಿಗೆಯಾಗಿ ಉದುರುತ್ತಾನೆ. ಯುರೋಪಿನಲ್ಲಿ ಹೊಸ ಆಟಕ್ಕೆ ಏಳು ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತು ಕೊಟ್ಟಿದ್ದಾರೆ. ನನ್ನ ಅಕ್ಕ ಮೊದಲು ಮುಖ ಗಂಟಿಕ್ಕಿದಳು. ಆಮೇಲೆ ಒಂದು ಶನಿವಾರ ಠಾಣೆಯಿಂದ ಮಗನನ್ನು ಕರೆದೊಯ್ಯಲು ಬಂದವಳು ‘ಐದು ನಿಮಿಷ’ ಎಂದು ಕೂತು ರಾತ್ರಿ ಊಟ ಮಾಡಿಕೊಂಡು ಹೋದಳು. ಚಿಂತೆ ಮಾಡಬೇಕಾದದ್ದು ಹೊಡೆದಾಟಕ್ಕಲ್ಲ, ಹೊತ್ತಿಗೆ. ‘ಇದೊಂದು ಅಧ್ಯಾಯ’ ಎನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ, ನಾನು ಹೇಳಿದರೂ.

2005ರ ಆಟ ಸಿನಿಮಾಕ್ಕಿಂತ ಮೊದಲೇ ಬಂದಿತ್ತು ಅಂತಾರೆ, ಹೌದಾ?

ಹೌದು. ಮೂರನೇ ಭಾಗದ ಸಿನಿಮಾ ಬಂದದ್ದು 2005ರ ಮೇ ತಿಂಗಳಲ್ಲಿ, ಆಟ ಅದಕ್ಕಿಂತ ಕೆಲವು ವಾರ ಮೊದಲೇ ಅಂಗಡಿಗೆ ಬಂತು. ಥಿಯೇಟರಿನಲ್ಲಿ ಅಳಬೇಕಾದ ಕಥೆಯನ್ನು ಮಕ್ಕಳು ಮನೆಯಲ್ಲಿ ಗೊಂಬೆ ಉದುರಿಸಿ ನಗುತ್ತಾ ಮೊದಲೇ ಮುಗಿಸಿದ್ದರು.

ನಿಮ್ಮಮ್ಮ ಈಗಲೂ ಆಡುತ್ತಾರಾ? ಯಾವ ಪಾತ್ರ?

ಆಡುತ್ತಾರೆ, ಶನಿವಾರ ರಾತ್ರಿ, ಅಡುಗೆಮನೆ ತೊಳೆದ ಮೇಲೆ. ಜೆಡೈ ಕತ್ತಿ ಕೊಟ್ಟರೆ ಬೇಡ ಎನ್ನುತ್ತಾರೆ. ಅವರಿಗೆ ಆರ್‌ಟು-ಡಿಟು ಒಂದೇ ಸಾಕು, ‘ಡಬ್ಬಿ’ ಎಂದು ಹೆಸರಿಟ್ಟಿದ್ದಾರೆ. ಅದು ಹಳ್ಳದ ಮೇಲೆ ತೇಲಿಕೊಂಡು ದಾಟುತ್ತದೆ, ಪೀಂ ಪೀಂ ಎನ್ನುತ್ತದೆ, ಬಾಗಿಲು ತೆಗೆಯುತ್ತದೆ. ಸಿ-ತ್ರೀಪಿಒ ಕೈ ಕಾಲು ಕಳಚಿ ಒಂಟಿ ಕಾಲಲ್ಲಿ ಕುಪ್ಪಳಿಸುವುದನ್ನು ನೋಡಿ ಪ್ರತಿ ಸಲವೂ ಹೊಸದಾಗಿ ನಗುತ್ತಾರೆ. ಕಳೆದ ಮಳೆಗಾಲದಲ್ಲಿ ಊರಿನ ಮೇಳದವರು ಮುಂಬಯಿಗೆ ಬಂದಿದ್ದರು, ಶನಿವಾರ ಆಟ ಉಂಟು, ಹೋಗುವನಾ ಎಂದು ಕೇಳಿದೆ. ‘ಯಾವ ಆಟ?’ ಎಂದರು. ಯಕ್ಷಗಾನ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಳಿಯನ ಕಡೆ ನೋಡಿ, ‘ಬೇಗ ಮುಗಿದರೆ ಬಂದು ಡಬ್ಬಿ ಆಡುವನಾ?’ ಎಂದರು. ಅಳಿಯ ಕನ್ನಡದಲ್ಲೇ ಉತ್ತರ ಕೊಟ್ಟ, ‘ಆಡುವ ಅಜ್ಜಿ, ಆದರೆ ಹಳ್ಳಕ್ಕೆ ತಳ್ಳಬೇಡಿ.’